ಮೆನ್ನೋನೈಟರ ಯುದ್ಧನಿರಾಕರಣೆ ಮತ್ತು ಪರ್ಯಾಯ ನಾಗರಿಕ ಸೇವೆ

ಮೆನ್ನೋನೈಟರು 16ನೇ ಶತಮಾನದ ಯುರೋಪಿನಲ್ಲಿ, ಧರ್ಮಸುಧಾರಣೆಯ ಕಾಲದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು. ಶತ್ರುವನ್ನೂ ಪ್ರೀತಿಸಬೇಕೆಂಬ ಯೇಸುವಿನ ಮಾತನ್ನು ಇದ್ದಂತೆಯೇ ಪಾಲಿಸಬೇಕು, ಆದ್ದರಿಂದ ಆಯುಧ ಹಿಡಿಯಕೂಡದು ಎಂಬುದು ಅವರ ನಂಬಿಕೆ. ಕಡ್ಡಾಯ ಸೇನಾ ಭರ್ತಿ ಜಾರಿಗೆ ಬಂದ ದೇಶಗಳಲ್ಲೆಲ್ಲ ಈ ನಂಬಿಕೆಗೂ ಸರ್ಕಾರಕ್ಕೂ ತಿಕ್ಕಾಟವಾಯಿತು. ಬಂದೂಕಿನ ಬದಲು ಗುದ್ದಲಿ ಹಿಡಿದು ಕಾಡು ಬೆಳೆಸುವುದು, ಕಾಳ್ಗಿಚ್ಚು ಆರಿಸುವುದು, ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುವುದು ಮುಂತಾದ ಪರ್ಯಾಯ ನಾಗರಿಕ ಸೇವೆ ಈ ತಿಕ್ಕಾಟದಿಂದಲೇ ರೂಪುಗೊಂಡಿತು. ಅದನ್ನು ಸರ್ಕಾರಗಳ ಔದಾರ್ಯವೆಂದು ಹೊಗಳಿದವರಿದ್ದಾರೆ, ಹೇಡಿಗಳ ಅಡಗುತಾಣವೆಂದು ಹಳಿದವರೂ ಇದ್ದಾರೆ. ನಡೆದದ್ದನ್ನು ನೋಡಿದರೆ ಎರಡು ಮಾತೂ ನಿಲ್ಲುವುದಿಲ್ಲ. ಇದು ನಾಲ್ಕು ಶತಮಾನಕ್ಕೂ ಮಿಕ್ಕಿ ನಡೆದ ಚೌಕಾಶಿ. ಅದರ ಬೆಲೆಯನ್ನು ಒಂದೊಂದು ತಲೆಮಾರು ಒಂದೊಂದು ಬಗೆಯಲ್ಲಿ ತೆತ್ತಿದೆ: ಹಣದಲ್ಲಿ, ವಲಸೆಯಲ್ಲಿ, ಕೂಲಿಯಿಲ್ಲದ ದುಡಿಮೆಯಲ್ಲಿ, ಕೆಲವೊಮ್ಮೆ ಪ್ರಾಣದಲ್ಲಿ.

ಹುಟ್ಟು

1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕಾನ್ರಾಡ್ ಗ್ರೆಬೆಲ್, ಫೆಲಿಕ್ಸ್ ಮಾಂಟ್ಸ್, ಜಾರ್ಜ್ ಬ್ಲೌರಾಕ್ ಮತ್ತು ಅವರ ಸಂಗಡಿಗರು ದೊಡ್ಡವರಾದ ಮೇಲೆ ಮತ್ತೊಮ್ಮೆ ದೀಕ್ಷಾಸ್ನಾನ ಪಡೆದರು. ತಿಳಿವಳಿಕೆ ಬರುವ ಮೊದಲೇ ಕೂಸಿಗೆ ಕೊಟ್ಟ ದೀಕ್ಷೆಗೆ ಅರ್ಥವಿಲ್ಲ, ನಂಬಿಕೆಯನ್ನು ಮನುಷ್ಯ ತಾನೇ ಆರಿಸಿಕೊಳ್ಳಬೇಕು ಎಂಬುದು ಅವರ ವಾದ. ಚರ್ಚೂ ಆಡಳಿತವೂ ಒಂದಕ್ಕೊಂದು ಹೆಣೆದುಕೊಂಡಿದ್ದ ಆ ಕಾಲದಲ್ಲಿ ಇದು ರಾಜದ್ರೋಹಕ್ಕೆ ಸಮನಾಗಿತ್ತು. 1527ರ ಜನವರಿಯಲ್ಲಿ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮರುತಿಂಗಳು ಶ್ಲೈಟ್‌ಹೈಮ್ ಊರಿನಲ್ಲಿ ಸೇರಿದ ಅನುಯಾಯಿಗಳು ಏಳು ಅಂಶಗಳ ಒಪ್ಪಂದ ಮಾಡಿಕೊಂಡರು. ಕ್ರಿಸ್ತನ ಹಿಂಬಾಲಕರಿಗೆ ಖಡ್ಗ ಸಲ್ಲದು ಎಂಬುದು ಅದರಲ್ಲಿ ಒಂದು. ಅದನ್ನು ಬರೆದನೆನ್ನಲಾದ ಮೈಕಲ್ ಸಾಟ್ಲರ್‌ನಿಗೂ ಅದೇ ವರ್ಷ ಮರಣದಂಡನೆಯಾಯಿತು.

ಎಲ್ಲರೂ ಶಾಂತಿಯ ದಾರಿಯನ್ನೇ ಹಿಡಿಯಲಿಲ್ಲ. 1534-35ರಲ್ಲಿ ಜರ್ಮನಿಯ ಮ್ಯುನ್‌ಸ್ಟರ್ ನಗರವನ್ನು ಇವರದೇ ಒಂದು ಗುಂಪು ಕತ್ತಿಯ ಬಲದಿಂದ ಆಳಲು ಹೋಗಿ ನೆತ್ತರು ಹರಿಯಿತು. ಆ ದುರಂತದ ಬೆನ್ನಿಗೇ, 1536ರಲ್ಲಿ, ಫ್ರೀಸ್‌ಲೆಂಡಿನ ಪಾದ್ರಿ ಮೆನ್ನೋ ಸೈಮನ್ಸ್ ಕ್ಯಾಥೊಲಿಕ್ ಚರ್ಚು ತೊರೆದು, ಚದುರಿಹೋಗಿದ್ದವರನ್ನು ಅಹಿಂಸೆಯ ನೆಲೆಯ ಮೇಲೆ ಮತ್ತೆ ಒಟ್ಟುಗೂಡಿಸಿದ. ಪಂಗಡಕ್ಕೆ ಬಂದಿರುವುದು ಅವನ ಹೆಸರೇ.

ಮೆನ್ನೋನೈಟ್ ಮನೆಗಳಲ್ಲಿ ಮಕ್ಕಳು ಇಂದಿಗೂ ಕೇಳಿ ಬೆಳೆಯುವ ಕಥೆ ಡಿರ್ಕ್ ವಿಲ್ಲೆಮ್ಸ್‌ನದು. 1569ರಲ್ಲಿ ನೆದರ್ಲೆಂಡ್ಸಿನ ಆಸ್ಪೆರೆನ್ ಎಂಬಲ್ಲಿ ಅವನು ಸೆರೆಯಿಂದ ತಪ್ಪಿಸಿಕೊಂಡು ತೆಳ್ಳಗೆ ಹೆಪ್ಪುಗಟ್ಟಿದ್ದ ನೀರಿನ ಮೇಲೆ ಓಡುತ್ತಿದ್ದ. ಬೆನ್ನಟ್ಟಿ ಬಂದವನ ಕಾಲಡಿಯಲ್ಲಿ ಮಂಜುಗಡ್ಡೆ ಒಡೆಯಿತು. ಡಿರ್ಕ್ ಹಿಂತಿರುಗಿ ಬಂದು ಮುಳುಗುತ್ತಿದ್ದವನ ಕೈಹಿಡಿದು ಮೇಲಕ್ಕೆಳೆದ. ಅದರಿಂದಲೇ ಮತ್ತೆ ಸೆರೆಸಿಕ್ಕ, ಅವನನ್ನು ಜೀವಂತ ಸುಟ್ಟರು. 1660ರಲ್ಲಿ ಟೀಲೆಮನ್ ವಾನ್ ಬ್ರಾಕ್ಟ್ ಸಂಕಲಿಸಿದ 'ಹುತಾತ್ಮರ ಕನ್ನಡಿ' ಎಂಬ ಬೃಹದ್ಗ್ರಂಥ ಇಂಥ ನೂರಾರು ಸಾವುಗಳ ದಾಖಲೆ. ಮುಂದಿನ ಶತಮಾನಗಳಲ್ಲಿ ಭರ್ತಿ ಅಧಿಕಾರಿಯ ಎದುರು ನಿಂತ ಹಳ್ಳಿಯ ಹುಡುಗರಿಗೆ ವಾದದ ಬಲಕ್ಕಿಂತ ಈ ಕಥೆಗಳ ಬಲವೇ ಹೆಚ್ಚಾಗಿತ್ತು.

ಹಣ, ವಲಸೆ, ಕಾಡು

ಆರಂಭದ ಏರ್ಪಾಟು ಸರಳವಾಗಿತ್ತು: ದುಡ್ಡು ಕೊಡು, ಸೇನೆಯಿಂದ ಬಿಡುಗಡೆ ಪಡೆ. ವಿಸ್ತುಲಾ ನದಿಯ ಮುಖಜಭೂಮಿಯಲ್ಲಿ ಜೌಗು ಬರಿದು ಮಾಡಿ ಕೃಷಿ ಹೂಡಿದ್ದ ಮೆನ್ನೋನೈಟರು ಪ್ರಷ್ಯದ ಆಳ್ವಿಕೆಗೆ ಬಂದ ಮೇಲೆ, 1780ರಿಂದ ವರ್ಷಕ್ಕೆ 5,000 ಥಾಲರ್ ಕಟ್ಟಬೇಕಾಯಿತು. ಆ ಹಣ ಹೋಗುತ್ತಿದ್ದುದು ಕುಲ್ಮ್ ಪಟ್ಟಣದ ಸೈನಿಕ ಶಾಲೆಗೆ. ತಾವು ಸೇರಲೊಲ್ಲದ ಸೇನೆಗೆ ಅಧಿಕಾರಿಗಳನ್ನು ತಯಾರು ಮಾಡಲು ತಮ್ಮದೇ ಹಣ ಎಂಬ ಈ ಮುಳ್ಳು ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ರೂಪದಲ್ಲಿ ಈ ಸಮುದಾಯವನ್ನು ಚುಚ್ಚುತ್ತಲೇ ಬಂದಿದೆ. ಇವರು ಹೊಸದಾಗಿ ಜಮೀನು ಕೊಳ್ಳುವುದಕ್ಕೂ ನಿರ್ಬಂಧಗಳು ಬಿದ್ದವು.

ರಷ್ಯದ ರಾಣಿ ಎರಡನೇ ಕ್ಯಾಥರೀನ್ 1763ರ ಘೋಷಣೆಯಲ್ಲಿ ವಿದೇಶಿ ಒಕ್ಕಲಿಗರನ್ನು ಕರೆದು, ಸೇನಾ ಸೇವೆಯಿಂದ ವಿನಾಯಿತಿಯ ಭರವಸೆ ಕೊಟ್ಟಿದ್ದಳು. ಅದನ್ನು ನಂಬಿ ಪ್ರಷ್ಯದಿಂದ ಹೊರಟ ಮೆನ್ನೋನೈಟರಿಂದ 1789ರಲ್ಲಿ ದ್ನೀಪರ್ ದಡದ ಖೋರ್ತಿತ್ಸಾ, 1804ರಲ್ಲಿ ಮೊಲೊಚ್ನಾ ನೆಲೆಗಳು ಹುಟ್ಟಿದವು. 1800ರಲ್ಲಿ ಚಕ್ರವರ್ತಿ ಪಾಲ್ ಈ ವಿನಾಯಿತಿಯನ್ನು ಸನ್ನದಿನ ಮೂಲಕ ಖಾಯಂ ಮಾಡಿದ. ಆದರೆ ಅರಸರ ಮಾತು ಅರಸರಿರುವ ತನಕ. 1874ರಲ್ಲಿ ರಷ್ಯ ಎಲ್ಲರಿಗೂ ಸೇನಾ ಸೇವೆ ಕಡ್ಡಾಯಗೊಳಿಸಿತು. ಒಳ್ಳೆಯ ಒಕ್ಕಲಿಗರು ಕೈತಪ್ಪಿ ಹೋಗುತ್ತಾರೆಂದು ಅರಸ ಜನರಲ್ ಟೋಟ್‌ಲೆಬೆನ್‌ನನ್ನು ಮನವೊಲಿಸಲು ಕಳುಹಿಸಿದ. ಆದರೂ ಸುಮಾರು 18,000 ಮಂದಿ ಅಮೆರಿಕದ ಕ್ಯಾನ್ಸಸ್, ನೆಬ್ರಾಸ್ಕ, ಡಕೋಟಗಳಿಗೂ ಕೆನಡದ ಮ್ಯಾನಿಟೋಬಾಕ್ಕೂ ಹೊರಟುಹೋದರು.

ಉಳಿದವರಿಗೆ ಸಿಕ್ಕಿದ್ದು ಅರಣ್ಯ ಸೇವೆ. ಸಂಘಟಿತ ಪರ್ಯಾಯ ಸೇವೆಯ ಮೊದಲ ದೊಡ್ಡ ಪ್ರಯೋಗ ಇದೇ. 1881ರ ಹೊತ್ತಿಗೆ ಮರವೇ ಇಲ್ಲದ ದಕ್ಷಿಣ ರಷ್ಯದ ಹುಲ್ಲುಗಾವಲುಗಳಲ್ಲಿ ಶಿಬಿರಗಳು ಎದ್ದವು. ಯುವಕರು ಅಲ್ಲಿ ಸಸಿ ಬೆಳೆಸಿದರು, ನೆಡುತೋಪು ಮಾಡಿದರು. ಶಿಬಿರದ ಕಟ್ಟಡ, ಊಟ, ಬಟ್ಟೆಗಳ ಖರ್ಚೆಲ್ಲ ಸಮುದಾಯದ್ದೇ. ಅದಕ್ಕಾಗಿ ಅವರು ತಮ್ಮೊಳಗೇ ತೆರಿಗೆ ಹಾಕಿಕೊಂಡರು. ಮೊದಲನೇ ಮಹಾಯುದ್ಧ ಬಂದಾಗ ಸುಮಾರು 12,000 ಮೆನ್ನೋನೈಟರು ಕರೆಗೆ ಓಗೊಟ್ಟರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕಾಡಿಗೆ, ಇನ್ನರ್ಧ ವೈದ್ಯಕೀಯ ದಳಕ್ಕೆ. ರಣರಂಗದಿಂದ ಗಾಯಾಳುಗಳನ್ನು ಹೊತ್ತು ತರುವ ರೈಲುಗಳಲ್ಲಿ ಅವರು ದಾದಿಗಳಾಗಿ ದುಡಿದರು.

ರಷ್ಯದ ಕ್ರಾಂತಿಯ ನಂತರದ ಅರಾಜಕತೆಯಲ್ಲಿ ಈ ಸಮುದಾಯದ ಒಂದು ಭಾಗ ನಂಬಿಕೆಯ ಗೆರೆ ದಾಟಿತು ಎಂಬುದನ್ನೂ ಹೇಳಲೇಬೇಕು. ಅರಾಜಕತಾವಾದಿ ನಾಯಕ ನೆಸ್ತೊರ್ ಮಖ್ನೋನ ಪಡೆಗಳು ಹಳ್ಳಿಗಳನ್ನು ಲೂಟಿ ಮಾಡುತ್ತಿದ್ದಾಗ, 1918-19ರಲ್ಲಿ ಕೆಲವರು ಜರ್ಮನ್ ಸೈನ್ಯಾಧಿಕಾರಿಗಳಿಂದ ತರಬೇತಿ ಪಡೆದು ಆತ್ಮರಕ್ಷಣಾ ದಳ ಕಟ್ಟಿದರು. ಅದರಿಂದ ರಕ್ಷಣೆ ಸಿಗಲಿಲ್ಲ, ಸೇಡು ಇಮ್ಮಡಿಸಿತು. ಅದು ತಪ್ಪಾಯಿತೆಂದು ಮುಂದೆ ಅವರಲ್ಲಿ ಅನೇಕರು ಒಪ್ಪಿಕೊಂಡರು. 1919ರ ಜನವರಿಯಲ್ಲಿ ಲೆನಿನ್ ಸಹಿ ಮಾಡಿದ ಆದೇಶ ಧಾರ್ಮಿಕ ಕಾರಣಕ್ಕೆ ಸೇನೆ ನಿರಾಕರಿಸುವ ಹಕ್ಕನ್ನು ಮಾನ್ಯ ಮಾಡಿತ್ತಾದರೂ, 1930ರ ದಶಕ ಮುಗಿಯುವ ಮೊದಲೇ ಅದು ಬರೀ ಕಾಗದವಾಯಿತು.

ಅಮೆರಿಕ: 1917-18ರ ಶಿಬಿರಗಳು

ಅಮೆರಿಕದ ಅಂತರ್ಯುದ್ಧದಲ್ಲಿಯೂ ದುಡ್ಡಿನ ದಾರಿಯೇ ಇತ್ತು. ಉತ್ತರದ ಸರ್ಕಾರಕ್ಕೆ 300 ಡಾಲರ್, ದಕ್ಷಿಣದ ಒಕ್ಕೂಟಕ್ಕೆ 500 ಡಾಲರ್ ಕೊಟ್ಟರೆ ಬಿಡುಗಡೆ. 1917ರ ಮೇ ತಿಂಗಳ ಭರ್ತಿ ಕಾಯ್ದೆ ಆ ಬಾಗಿಲು ಮುಚ್ಚಿತು. ಶಾಂತಿವಾದಿ ಚರ್ಚುಗಳ ಸದಸ್ಯರಿಗೆ ಕಾದಾಟದಿಂದ ಮಾತ್ರ ವಿನಾಯಿತಿ. ಆದರೆ ಎಲ್ಲರೂ ಸೇನಾ ಶಿಬಿರಕ್ಕೆ ಬಂದು ವರದಿ ಮಾಡಿಕೊಳ್ಳಬೇಕು. ಕಾದಾಡದವರು ಮಾಡಬೇಕಾದ ಕೆಲಸ ಯಾವುದೆಂದು ಅಧ್ಯಕ್ಷ ವಿಲ್ಸನ್ ಸ್ಪಷ್ಟಪಡಿಸಿದ್ದು 1918ರ ಮಾರ್ಚಿನಲ್ಲಿ. ಆ ಹತ್ತು ತಿಂಗಳ ನಡುಗಾಲದಲ್ಲಿ ಸಮವಸ್ತ್ರ ತೊಡಲೊಲ್ಲದ, ಕವಾಯತು ಮಾಡಲೊಲ್ಲದ ಹುಡುಗರನ್ನು ಏನು ಮಾಡಬೇಕೆಂಬುದು ಒಬ್ಬೊಬ್ಬ ಅಧಿಕಾರಿಯ ಮರ್ಜಿಗೆ ಬಿಟ್ಟದ್ದಾಯಿತು. ಹೊಡೆತ, ತಣ್ಣೀರಿನ ಅಭಿಷೇಕ, ಕತ್ತಲೆ ಕೋಣೆ ಎಲ್ಲವೂ ನಡೆದವು. ಜರ್ಮನ್ ಮಾತಾಡುವ ಜನ ಎಂಬ ಕಾರಣಕ್ಕೆ ಊರುಗಳಲ್ಲಿಯೂ ಇವರ ಚರ್ಚುಗಳಿಗೆ ಹೇಡಿತನದ ಗುರುತಾಗಿ ಹಳದಿ ಬಣ್ಣ ಬಳಿದರು. ಬೇರೆ ಬೇರೆ ಪಂಗಡಗಳ ನೂರಾರು ನಿರಾಕರಣಕಾರರಿಗೆ ಸೇನಾ ನ್ಯಾಯಾಲಯಗಳು ಶಿಕ್ಷೆ ವಿಧಿಸಿದವು. 17 ಮಂದಿಗೆ ಮರಣದಂಡನೆಯೂ ಆಗಿತ್ತು. ಆದರೆ ಯಾವುದೂ ಜಾರಿಯಾಗಲಿಲ್ಲ.

ಜಾರಿಯಾಗದ ಮರಣದಂಡನೆಗಿಂತ ಘೋರವಾದದ್ದು ಹೋಫರ್ ಸಹೋದರರ ಪ್ರಕರಣ. ಮೆನ್ನೋನೈಟರ ದಾಯಾದಿ ಪಂಗಡವಾದ ಹಟರೈಟರಿಗೆ ಸೇರಿದ ಜೋಸೆಫ್, ಮೈಕಲ್, ಡೇವಿಡ್ ಹೋಫರ್ ಮತ್ತು ಜೇಕಬ್ ವಿಪ್ಫ್ ದಕ್ಷಿಣ ಡಕೋಟದ ರಾಕ್‌ಪೋರ್ಟ್ ಕಾಲನಿಯ ರೈತರು. ಸಮವಸ್ತ್ರ ನಿರಾಕರಿಸಿದ್ದಕ್ಕೆ 20 ವರ್ಷದ ಶಿಕ್ಷೆ ವಿಧಿಸಿ ಅವರನ್ನು ಅಲ್ಕಾಟ್ರಾಜ್ ದ್ವೀಪಕ್ಕೆ ಒಯ್ದರು. ನೆಲಮಾಳಿಗೆಯ ಒದ್ದೆ ನೆಲದ ಮೇಲೆ ಒಳಬಟ್ಟೆಯಲ್ಲೇ ಮಲಗಿಸಿ, ಪಕ್ಕದಲ್ಲಿ ಸಮವಸ್ತ್ರ ಇಟ್ಟರು: ಚಳಿಯಾದರೆ ತೊಟ್ಟುಕೊಳ್ಳಲಿ ಎಂದು. ಅವರು ತೊಡಲಿಲ್ಲ. ಕೈಗಳನ್ನು ಎತ್ತರದ ಸರಳಿಗೆ ಬಿಗಿದು ನಿಲ್ಲಿಸಿದರು. ಯುದ್ಧ ಮುಗಿದ 1918ರ ನವೆಂಬರಿನಲ್ಲಿ ಅವರನ್ನು ಸಂಕೋಲೆ ಹಾಕಿ ಕ್ಯಾನ್ಸಸ್‌ನ ಲೆವೆನ್‌ವರ್ತ್ ಸೆರೆಮನೆಗೆ ಸಾಗಿಸಿದರು. ಅಲ್ಲಿ ಜೋಸೆಫ್ ನವೆಂಬರ್ 29ರಂದು, ಮೈಕಲ್ ಡಿಸೆಂಬರ್ 2ರಂದು ತೀರಿಕೊಂಡರು. ಗಂಡನ ಮುಖ ನೋಡಲು ಹಟ ಹಿಡಿದು ಒಳಹೋದ ಜೋಸೆಫ್‌ನ ಹೆಂಡತಿ ಮರಿಯಾಳಿಗೆ ಶವಪೆಟ್ಟಿಗೆಯಲ್ಲಿ ಕಂಡದ್ದು ಸೇನೆಯ ಸಮವಸ್ತ್ರ ತೊಡಿಸಿದ್ದ ದೇಹ. ಬದುಕಿರುವ ತನಕ ಅವನು ಯಾವುದನ್ನು ಒಲ್ಲೆನೆಂದನೋ ಅದನ್ನೇ ಸತ್ತ ಮೇಲೆ ತೊಡಿಸಿದ್ದರು. ಆ ವರ್ಷವೇ ಹಟರೈಟರು ಗುಂಪುಗುಂಪಾಗಿ ಗಡಿ ದಾಟಿ ಕೆನಡ ಸೇರತೊಡಗಿದರು.

ನಾಗರಿಕ ಸಾರ್ವಜನಿಕ ಸೇವೆ, 1941-47

ಈ ಅನುಭವ ಮರುಕಳಿಸಬಾರದೆಂದು ಮೆನ್ನೋನೈಟರು, ಕ್ವೇಕರರು ಮತ್ತು ಬ್ರೆದ್ರನ್ ಪಂಗಡದವರು 1930ರ ದಶಕದಲ್ಲೇ ಒಟ್ಟಾಗಿ ವಾಷಿಂಗ್ಟನ್ನಿನ ಕದ ತಟ್ಟಿದರು. 1940ರ ಸೆಪ್ಟೆಂಬರಿನ ಭರ್ತಿ ಕಾಯ್ದೆಯಲ್ಲಿ, ಸೇನೆಯ ಹಿಡಿತದಿಂದ ಹೊರಗೆ, ನಾಗರಿಕ ಮೇಲ್ವಿಚಾರಣೆಯಲ್ಲಿ ರಾಷ್ಟ್ರೀಯ ಮಹತ್ವದ ಕೆಲಸ ಮಾಡಲು ಅವಕಾಶ ಸೇರಿತು. ಈ ಕಾರ್ಯಕ್ರಮಕ್ಕೆ ಇಟ್ಟ ಹೆಸರು ನಾಗರಿಕ ಸಾರ್ವಜನಿಕ ಸೇವೆ. ಮೆನ್ನೋನೈಟರ ಮೊದಲ ಶಿಬಿರ 1941ರ ಮೇ ತಿಂಗಳಲ್ಲಿ ವರ್ಜೀನಿಯದ ಗ್ರಾಟೋಸ್‌ನಲ್ಲಿ ತೆರೆಯಿತು. ಒಟ್ಟು ಸುಮಾರು 12,000 ಮಂದಿ ಈ ಸೇವೆಯಲ್ಲಿದ್ದರು. ಅವರಲ್ಲಿ 4,600ಕ್ಕೂ ಹೆಚ್ಚು ಮೆನ್ನೋನೈಟರು. ಭರ್ತಿ ಇಲಾಖೆಯ ಮುಖ್ಯಸ್ಥ ಜನರಲ್ ಲೂಯಿಸ್ ಹರ್ಷಿಯ ಪೂರ್ವಿಕರೂ ಮೆನ್ನೋನೈಟರೇ.

ಒಪ್ಪಂದದ ಷರತ್ತು ಕಠಿಣವಾಗಿತ್ತು. ಸರ್ಕಾರ ಕೂಲಿ ಕೊಡುವುದಿಲ್ಲ, ಹೆಂಡತಿ ಮಕ್ಕಳಿಗೆ ಭತ್ಯೆ ಇಲ್ಲ, ಕೆಲಸದಲ್ಲಿ ಗಾಯವಾದರೆ ಪರಿಹಾರವಿಲ್ಲ. ಊಟ, ವಸತಿ, ಆಡಳಿತದ ವೆಚ್ಚವನ್ನು ಚರ್ಚುಗಳೇ ಹೊರಬೇಕು. ಮೆನ್ನೋನೈಟ್ ಚರ್ಚುಗಳ ಜಂಟಿ ಸಂಸ್ಥೆಯಾದ ಮೆನ್ನೋನೈಟ್ ಕೇಂದ್ರ ಸಮಿತಿ ಇದಕ್ಕಾಗಿ 30 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಹಳ್ಳಿಯ ಹೆಂಗಸರು ಹಣ್ಣು ತರಕಾರಿಗಳನ್ನು ಡಬ್ಬಿಗಳಲ್ಲಿ ಕೆಡದಂತೆ ತುಂಬಿ ಶಿಬಿರಗಳಿಗೆ ಕಳುಹಿಸಿದರು. ಹುಡುಗರ ಕೈಗೆ ಸಿಗುತ್ತಿದ್ದುದು ತಿಂಗಳಿಗೆ ಕೆಲವೇ ಡಾಲರ್ ಕೈಖರ್ಚು. ರೈತರ ಹೊಲಗಳಲ್ಲಿ ದುಡಿದವರ ಕೂಲಿಯನ್ನು ಸರ್ಕಾರ ತನ್ನ ಖಜಾನೆಯಲ್ಲಿ ಇರಿಸಿಕೊಂಡಿತು. ಅದು ಯುದ್ಧಪೀಡಿತರ ಪರಿಹಾರಕ್ಕೆ ಹೋಗಲಿ ಎಂಬ ಬೇಡಿಕೆ ಈಡೇರಲಿಲ್ಲ. ಕೆಲವು ನಿರಾಕರಣಕಾರರು ಇದನ್ನು ಜೀತವೆಂದೇ ಕರೆದು ಶಿಬಿರ ಬಿಟ್ಟು ಸೆರೆಮನೆಗೆ ಹೋದರು. ಬಹುಪಾಲು ಮೆನ್ನೋನೈಟರು ಹಾಗೆ ಮಾಡಲಿಲ್ಲ. ಒಂದು ಮೈಲಿ ನಡೆಯೆಂದವನೊಡನೆ ಎರಡು ಮೈಲಿ ನಡೆ ಎಂಬ ಬೈಬಲಿನ ಬೋಧನೆಯನ್ನು ಅವರು ಇಲ್ಲಿ ಅನ್ವಯಿಸಿಕೊಂಡರು. ಆ ವಿಧೇಯತೆ ಅವರ ಶಕ್ತಿಯೂ ಹೌದು, ಸರ್ಕಾರ ಅದನ್ನು ಬಳಸಿಕೊಂಡಿತೆಂಬುದೂ ಹೌದು.

ಮೊದಮೊದಲು ಸಿಕ್ಕ ಕೆಲಸ ಮಣ್ಣಿನ ಸವಕಳಿ ತಡೆಯುವುದು, ಬೇಲಿ ಹಾಕುವುದು, ಸಸಿ ನೆಡುವುದು. ಯುದ್ಧದಲ್ಲಿ ಲೋಕ ಹೊತ್ತಿ ಉರಿಯುತ್ತಿರುವಾಗ ತಾವು ಹಳ್ಳ ತೋಡುತ್ತಿದ್ದೇವೆಂಬ ಬೇಸರ ಅನೇಕರನ್ನು ಕಾಡಿತು. ಹೊರದೇಶಗಳಲ್ಲಿ ಪರಿಹಾರ ಕಾರ್ಯಕ್ಕೆ ಹೋಗಲು ತಯಾರಾಗಿದ್ದವರಿಗೆ 1943ರಲ್ಲಿ ಸಂಸತ್ತು ಅಡ್ಡಗಾಲು ಹಾಕಿತು. ಚೀನಕ್ಕೆಂದು ಹಡಗು ಹತ್ತಿದ್ದವರೂ ವಾಪಸಾಗಬೇಕಾಯಿತು. ಹಾಗಾಗಿ ದೇಶದೊಳಗೇ ಕಷ್ಟದ, ಅಪಾಯದ ಕೆಲಸಗಳಿಗೆ ಅವರು ತಾವಾಗಿ ಮುಂದೆ ಬಂದರು. ಮಿಸಿಸಿಪ್ಪಿಯ ಗಲ್ಫ್‌ಪೋರ್ಟ್ ಸುತ್ತ ಕೊಕ್ಕೆಹುಳುವಿನ ಕಾಟ ತಡೆಯಲು ಬಡವರ ಮನೆಗಳಿಗೆ ಪಾಯಿಖಾನೆ ಕಟ್ಟಿಕೊಟ್ಟರು. ಮೊಂಟಾನದ ಮಿಸೌಲಾದಲ್ಲಿ ಸುಮಾರು 250 ಮಂದಿ, ಕಾಡಿನ ಬೆಂಕಿ ಆರಿಸಲು ವಿಮಾನದಿಂದ ಧುಮುಕುವ ತರಬೇತಿ ಪಡೆದರು. ದಪ್ಪ ಕ್ಯಾನ್ವಾಸಿನ ಉಡುಪು, ಮುಖಕ್ಕೆ ತಂತಿಯ ಜಾಲರಿ ಇರುವ ಹೆಲ್ಮೆಟ್, ಪ್ಯಾರಾಚೂಟು ಮರಕ್ಕೆ ಸಿಕ್ಕಿಕೊಂಡರೆ ಇಳಿಯಲು ಹಗ್ಗ. ಫೋರ್ಡ್ ವಿಮಾನದ ಬಾಗಿಲಲ್ಲಿ ನಿಂತು ಬೆಟ್ಟದ ಬೆಂಕಿಯ ಪಕ್ಕಕ್ಕೆ ಹಾರಿ, ಇಳಿದ ಮೇಲೆ ಪಿಕಾಸಿ, ಸಲಿಕೆ ಹಿಡಿದು ಬೆಂಕಿಯ ಸುತ್ತ ಮಣ್ಣಿನ ಗೆರೆ ತೋಡಬೇಕು. ಕೆಲಸ ಮುಗಿದ ಮೇಲೆ ಸಾಮಾನು ಹೊತ್ತು ಮೈಲಿಗಟ್ಟಲೆ ನಡೆದು ಬರಬೇಕು. ಹೇಡಿಗಳು ಎಂಬ ಮಾತಿಗೆ ಅವರು ಕೊಟ್ಟ ಉತ್ತರ ಇದು.

ಇನ್ನು ಕೆಲವರು ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿದರು. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಹಸಿವಿನ ಅಧ್ಯಯನಕ್ಕೆ ವಿವಿಧ ಪಂಗಡಗಳ 36 ನಿರಾಕರಣಕಾರರು ಒಪ್ಪಿಕೊಂಡರು. 24 ವಾರ ಆಲೂಗಡ್ಡೆ, ಬ್ರೆಡ್ಡು, ಗಡ್ಡೆಕೋಸಿನಂಥ ಅರೆಹೊಟ್ಟೆ ಊಟ, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ತೂಕದಲ್ಲಿ ಕಾಲು ಭಾಗ ಕರಗಿತು. ಯುದ್ಧದಿಂದ ಹಸಿದ ಯುರೋಪಿಗೆ ಹೇಗೆ ಉಣಿಸಬೇಕೆಂಬುದು ಆಗಿನ ಪ್ರಶ್ನೆ. ಹಸಿವು ಮೈಮನಸ್ಸುಗಳಿಗೆ ಏನು ಮಾಡುತ್ತದೆಂಬ ಬಗ್ಗೆ 1950ರಲ್ಲಿ ಅಚ್ಚಾದ ಅದರ ವರದಿಯನ್ನು ವೈದ್ಯರು ಈಗಲೂ ನೋಡುತ್ತಾರೆ.

ಎಲ್ಲಕ್ಕಿಂತ ಆಳವಾದ ಗುರುತು ಬಿಟ್ಟದ್ದು ಮಾನಸಿಕ ಆಸ್ಪತ್ರೆಗಳ ಕೆಲಸ. ನೌಕರರೆಲ್ಲ ಸೇನೆಗೆ, ಕಾರ್ಖಾನೆಗೆ ಹೋದ ಮೇಲೆ ಈ ಆಸ್ಪತ್ರೆಗಳು ಕೈಕಾಲು ಕಳೆದುಕೊಂಡಂತಾಗಿದ್ದವು. ಸುಮಾರು 3,000 ನಿರಾಕರಣಕಾರರು ಅಲ್ಲಿಗೆ ಹೋದರು, ಅರ್ಧದಷ್ಟು ಮೆನ್ನೋನೈಟರು. ಹೊಲ, ಕೊಟ್ಟಿಗೆ ಬಿಟ್ಟರೆ ಬೇರೇನೂ ಕಾಣದ ಹುಡುಗ ರಾತ್ರಿಪಾಳಿಯಲ್ಲಿ ಒಬ್ಬನೇ ನಿಂತು ಇಡೀ ವಾರ್ಡು ನೋಡಿಕೊಳ್ಳಬೇಕು. ಬೆತ್ತಲೆ ಕೂತ ರೋಗಿಗಳು, ಮಲಮೂತ್ರದ ವಾಸನೆ, ಹಾಸಿಗೆಗೆ ಬಿಗಿದ ಪಟ್ಟಿಗಳು. ಹಳೆಯ ಸಿಬ್ಬಂದಿ ಕೆಲವೆಡೆ ದೊಣ್ಣೆ ಹಿಡಿದೇ ಒಳಹೋಗುತ್ತಿದ್ದರು. ಇವರು ಬರಿಗೈಯಲ್ಲಿ ಹೋದರು. ಮುಷ್ಟಿ ಎತ್ತಿದವನ ಮುಂದೆ ಮುಷ್ಟಿ ಎತ್ತದೆ ನಿಲ್ಲುವುದು ಹೇಗೆಂಬ ಪಾಠ ಚರ್ಚಿನ ಬೆಂಚಿನ ಮೇಲೆ ಸುಲಭ, ಇಂಥ ವಾರ್ಡಿನಲ್ಲಿ ಕಷ್ಟ. ಅದು ಎಲ್ಲರಿಂದ ಎಲ್ಲ ಹೊತ್ತೂ ಆಗಲಿಲ್ಲ. ಆದರೆ ಕಂಡದ್ದನ್ನು ಅವರು ಬರೆದಿಟ್ಟರು. ಕ್ವೇಕರರ ತಂಡವಿದ್ದ ಫಿಲಡೆಲ್ಫಿಯದ ಬೈಬೆರಿ ಆಸ್ಪತ್ರೆಯಲ್ಲಿ ಚಾರ್ಲ್ಸ್ ಲಾರ್ಡ್ ಗುಟ್ಟಾಗಿ ತೆಗೆದ ಚಿತ್ರಗಳು 1946ರ ಮೇ ತಿಂಗಳ 'ಲೈಫ್' ಪತ್ರಿಕೆಯಲ್ಲಿ ಅಚ್ಚಾದಾಗ ದೇಶ ಬೆಚ್ಚಿಬಿತ್ತು. ಸುಧಾರಣೆಯ ಕೂಗು ಎದ್ದಿತು.

ಮೆನ್ನೋನೈಟರು ಬರೀ ದೂರಿ ಸುಮ್ಮನಾಗಲಿಲ್ಲ. ಯುದ್ಧ ಮುಗಿದ ಮೇಲೆ ತಾವೇ ಆಸ್ಪತ್ರೆ ಕಟ್ಟಿದರು: 1949ರಲ್ಲಿ ಮೇರಿಲ್ಯಾಂಡಿನ ಬ್ರೂಕ್ ಲೇನ್, 1951ರಲ್ಲಿ ಕ್ಯಾಲಿಫೋರ್ನಿಯದ ಕಿಂಗ್ಸ್ ವ್ಯೂ, 1954ರಲ್ಲಿ ಕ್ಯಾನ್ಸಸ್‌ನ ಪ್ರೇರಿ ವ್ಯೂ. ನಮ್ಮನ್ನು ನಮ್ಮ ಪಾಡಿಗೆ ಬಿಡಿ ಎಂದು ಶತಮಾನಗಳಿಂದ ಬೇಡುತ್ತಿದ್ದ ಜನ, ನೆರೆಯವರಿಗೆ ನಾವೇನು ಮಾಡಬಹುದು ಎಂದು ಕೇಳತೊಡಗಿದ್ದು ಈ ವಾರ್ಡುಗಳಿಂದ ಬಂದ ಮೇಲೆ. ಕಾನೂನಿನ ಯಾವ ಗೆಲುವಿಗಿಂತಲೂ ದೊಡ್ಡ ಬದಲಾವಣೆ ಇದು.

ಹೆಂಗಸರಿಗೆ ಭರ್ತಿಯ ಕರೆ ಬರಲಿಲ್ಲ, ಹೊರೆ ಮಾತ್ರ ಬಂತು. ಗಂಡನಿಗೆ ಸಂಬಳವಿಲ್ಲದ ಮನೆಯನ್ನು ಅವರು ನಡೆಸಿದರು. ಶಿಬಿರಗಳಲ್ಲಿ ಅಡುಗೆ, ಆಹಾರ, ಶುಶ್ರೂಷೆ ನೋಡಿಕೊಂಡರು. 1943ರಲ್ಲಿ ಎಡ್ನಾ ರಾಮ್‌ಸೈಯರ್ ಅವರ ಪ್ರೇರಣೆಯಿಂದ ಒಟ್ಟುಗೂಡಿದ ತರುಣಿಯರು, ಕಾನೂನು ತಮ್ಮನ್ನು ಕೇಳದಿದ್ದರೂ ನಾವೂ ನಿರಾಕರಣಕಾರರೇ ಎಂದು ಸಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಬೇಸಿಗೆಯ ಸೇವೆಗೆ ನಿಂತರು.

ಇಷ್ಟಾದರೂ ಇಡೀ ಸಮುದಾಯ ಒಂದೇ ದಾರಿ ಹಿಡಿದಿತ್ತೆಂದು ತಿಳಿಯಬಾರದು. ಎರಡನೇ ಮಹಾಯುದ್ಧದಲ್ಲಿ ಕರೆ ಬಂದ ಅಮೆರಿಕದ ಮೆನ್ನೋನೈಟ್ ಯುವಕರಲ್ಲಿ ನಾಗರಿಕ ಸೇವೆ ಆರಿಸಿಕೊಂಡವರು ಸುಮಾರು ಶೇ. 46. ಶೇ. 14ರಷ್ಟು ಮಂದಿ ಸೇನೆಯೊಳಗೇ ಆಯುಧವಿಲ್ಲದ ಕೆಲಸಕ್ಕೆ ಹೋದರು, ಸುಮಾರು ಶೇ. 40 ಮಂದಿ ಪೂರ್ತಿ ಸೈನಿಕರೇ ಆದರು. ಮೆನ್ನೋನೈಟರಿಂದ ಕವಲೊಡೆದ ಆಮಿಷ್ ಪಂಗಡದ ಹಾಗೂ ಹಟರೈಟ್ ಹುಡುಗರು ಬಹುತೇಕ ನಾಗರಿಕ ಸೇವೆಗೇ ಬಂದರು. ಸೈನಿಕರಾದವರಲ್ಲಿ ಹಲವರು ಮರಳಿದಾಗ ಊರಿನ ಚರ್ಚಿನಲ್ಲಿ ಅವರಿಗೆ ಜಾಗವಿರಲಿಲ್ಲ; ಆ ಗಾಯವೂ ಈ ಇತಿಹಾಸದ ಭಾಗವೇ.

ಕೆನಡ

ಎರಡನೇ ಮಹಾಯುದ್ಧ ಬಂದಾಗ ಕೆನಡದಲ್ಲಿ ಸಮುದಾಯದೊಳಗೇ ಎರಡು ಮತವಿತ್ತು. 1870ರ ದಶಕದಲ್ಲಿ ಬಂದವರು 1873ರ ಸರ್ಕಾರಿ ಆದೇಶದಂತೆ ತಮಗೆ ಪೂರ್ತಿ ವಿನಾಯಿತಿ ಬೇಕೆಂದರು. 1920ರ ದಶಕದಲ್ಲಿ ಸೋವಿಯತ್ ನಾಡಿನಿಂದ ಬಂದವರು ಕಾಡಿನಲ್ಲೂ ಗಾಯಾಳುಗಳ ರೈಲಿನಲ್ಲೂ ದುಡಿದವರಾದ್ದರಿಂದ ಸೇವೆಗೆ ಸಿದ್ಧರಿದ್ದರು. 1940ರಲ್ಲಿ ಒಟ್ಟಾವಾಕ್ಕೆ ಹೋದ ನಿಯೋಗವನ್ನು ಮೇಜರ್ ಜನರಲ್ ಲಾಫ್ಲೆಶ್, ನಿಮ್ಮನ್ನು ಗುಂಡಿಟ್ಟು ಕೊಂದರೆ ಏನು ಮಾಡುತ್ತೀರಿ ಎಂದು ಗದರಿಸಿದ. ರಷ್ಯದಲ್ಲಿ ಬಂದೂಕಿನ ಬಾಯಿ ಕಂಡು ಬಂದಿದ್ದ ಬೋಧಕ ಜೇಕಬ್ ಯಾನ್ಸೆನ್, ಅದಕ್ಕೆ ತಾನು ಹೆದರುವವನಲ್ಲ ಎಂದು ಉತ್ತರಿಸಿದ. ಕೊನೆಗೆ ಪರ್ಯಾಯ ಸೇವೆಗೆ ಒಪ್ಪಿಗೆ ಸಿಕ್ಕಿತು. ಒಂಟಾರಿಯೊದ ಮಾಂಟ್ರಿಯಲ್ ನದಿಯ ಬಳಿ ಹೆದ್ದಾರಿ ಕೆಲಸ, ಬ್ಯಾನ್ಫ್, ಜ್ಯಾಸ್ಪರ್ ರಾಷ್ಟ್ರೀಯ ಉದ್ಯಾನಗಳಲ್ಲಿ ರಸ್ತೆ ಕೆಲಸ, ಬ್ರಿಟಿಷ್ ಕೊಲಂಬಿಯದಲ್ಲಿ ಅರಣ್ಯದ ಕೆಲಸ. ದಿನಕ್ಕೆ 50 ಸೆಂಟ್. 1938ರ ಭಾರಿ ಬೆಂಕಿಯಲ್ಲಿ ಬೋಳಾಗಿದ್ದ ವ್ಯಾಂಕೂವರ್ ದ್ವೀಪದ ಗುಡ್ಡಗಳು ಸೇರಿದಂತೆ ಆ ಪ್ರಾಂತದಲ್ಲಿ ಅವರು ಸುಮಾರು 1.7 ಕೋಟಿ ಸಸಿ ನೆಟ್ಟರು. 1943ರಿಂದ ಹೊಲ, ಕಾರ್ಖಾನೆಗಳಿಗೂ ಹೋಗಬಹುದಾಯಿತು. ಸಂಬಳದಲ್ಲಿ ಒಂದು ಮಿತಿಗಿಂತ ಹೆಚ್ಚಿನದು ರೆಡ್ ಕ್ರಾಸಿಗೆ. ಇಲ್ಲಿಯೂ ಸುಮಾರು 4,500 ಮೆನ್ನೋನೈಟರು ಸೇನೆ ಸೇರಿದರೆಂಬುದನ್ನು ಮರೆಯುವಂತಿಲ್ಲ.

1950ರ ನಂತರ, ಭಾರತದ ನಂಟು

1952ರಿಂದ ಅಮೆರಿಕದಲ್ಲಿ ನಿರಾಕರಣಕಾರರಿಗೆ ಎರಡು ವರ್ಷ ಸಂಬಳಸಹಿತ ನಾಗರಿಕ ಕೆಲಸ ಸಿಗತೊಡಗಿತು. ಹೆಚ್ಚಿನವರು ನಗರದ ಆಸ್ಪತ್ರೆಗಳಲ್ಲಿ ದುಡಿದರು. ಹಣ ಬಂತು, ತ್ಯಾಗದ ಬಿಸಿ ಆರಿತು ಎಂದು ಹಿರಿಯರು ಕೊರಗಿದರು. ಅದಕ್ಕೆ ಎದುರಾಗಿ 1951ರಲ್ಲಿ ಶುರುವಾದ 'ಪಾಕ್ಸ್' ಯೋಜನೆಯಲ್ಲಿ ಯುವಕರು ಕೂಲಿಯಿಲ್ಲದೆ, ತಮ್ಮ ಖರ್ಚನ್ನು ಮನೆಯವರಿಂದಲೂ ಚರ್ಚಿನಿಂದಲೂ ಹೊಂದಿಸಿಕೊಂಡು ಹೊರದೇಶಕ್ಕೆ ಹೋದರು. 1976ರ ವರೆಗೆ ಸುಮಾರು 1,200 ಮಂದಿ 40 ದೇಶಗಳಲ್ಲಿ ದುಡಿದರು. ಜರ್ಮನಿಯಲ್ಲಿ ನಿರಾಶ್ರಿತರಿಗೆ ಮನೆ ಕಟ್ಟಿದರು, ಪರಾಗ್ವೆಯ ಚಾಕೋ ಕಾಡಿನಲ್ಲಿ ಹೆದ್ದಾರಿ ಹಾಕಲು ಕೈಜೋಡಿಸಿದರು. 1962ರ ಮೇ 30ರಂದು ವಿಯೆಟ್ನಾಮಿನ ಬಾನ್ ಮೆ ತೂಟ್ ಬಳಿಯ ಕುಷ್ಠರೋಗ ಆಸ್ಪತ್ರೆಯಿಂದ ಡೇನಿಯಲ್ ಗರ್ಬರ್ ಎಂಬ ಪಾಕ್ಸ್ ಕಾರ್ಯಕರ್ತನನ್ನು ಇನ್ನಿಬ್ಬರೊಂದಿಗೆ ಗೆರಿಲ್ಲಾಗಳು ಹಿಡಿದೊಯ್ದರು. ಅವರು ಮರಳಿ ಬರಲಿಲ್ಲ. ವಿಯೆಟ್ನಾಂ ಯುದ್ಧದ ಕಾವಿನಲ್ಲಿ, 1969ರಲ್ಲಿ ಆರೆಗನ್‌ನ ಟರ್ನರ್‌ನಲ್ಲಿ ಸೇರಿದ ಮೆನ್ನೋನೈಟ್ ಚರ್ಚಿನ ಮಹಾಸಭೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಪರ್ಯಾಯ ಸೇವೆಯನ್ನೂ ಒಲ್ಲದೆ ಭರ್ತಿ ವ್ಯವಸ್ಥೆಗೇ ಸಹಕರಿಸದ ಯುವಕರ ನಿಲುವೂ ನಂಬಿಕೆಗೆ ಒಪ್ಪುವಂಥದ್ದೆಂದು ಮಾನ್ಯ ಮಾಡಿತು.

ಭಾರತಕ್ಕೆ ಮೆನ್ನೋನೈಟರು ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ಬರಗಾಲದ ಹೊತ್ತಿನಲ್ಲಿ. 1899ರಲ್ಲಿ ಛತ್ತೀಸ್‌ಗಢದ ಧಮ್ತರಿಯಲ್ಲಿ ನೆಲೆ ಹೂಡಿದರು. ನಮ್ಮ ರಾಯಚೂರಿನ ಗಡಿಯಾಚೆ, ಮಹಬೂಬ್‌ನಗರದ ಸುತ್ತ, ಮೆನ್ನೋನೈಟ್ ಬ್ರೆದ್ರನ್ ಶಾಖೆಯ ಚರ್ಚುಗಳೂ ಜಡ್ಚರ್ಲದ ಆಸ್ಪತ್ರೆಯೂ ಇವೆ. ಬಂಗಾಳದ 1943ರ ಬರಗಾಲದಲ್ಲಿ ಮೆನ್ನೋನೈಟ್ ಕೇಂದ್ರ ಸಮಿತಿ ಕಲ್ಕತ್ತಾದಲ್ಲಿ ಪರಿಹಾರ ಕಾರ್ಯ ನಡೆಸಿತು. ಸ್ವತಂತ್ರ ಭಾರತದಲ್ಲಿ ಕಡ್ಡಾಯ ಸೇನಾ ಭರ್ತಿ ಇಲ್ಲವಾದ್ದರಿಂದ ಇಲ್ಲಿನ ಮೆನ್ನೋನೈಟರಿಗೆ ಭರ್ತಿ ಅಧಿಕಾರಿಯ ಎದುರು ನಿಲ್ಲುವ ಪ್ರಸಂಗ ಬಂದಿಲ್ಲ.

ಇಂದಿನ ಸ್ಥಿತಿ

ಅಮೆರಿಕ 1973ರಲ್ಲಿ ಭರ್ತಿ ನಿಲ್ಲಿಸಿ, 1980ರಿಂದ ಯುವಕರ ನೋಂದಣಿ ಮಾತ್ರ ಕಡ್ಡಾಯ ಮಾಡಿದೆ. ಜರ್ಮನಿಯಲ್ಲಿ 1961ರಿಂದ ಇದ್ದ ನಾಗರಿಕ ಸೇವೆ 2011ರಲ್ಲಿ ನಿಂತಿತು. ಕೊಲಂಬಿಯದಲ್ಲಿ ಮೆನ್ನೋನೈಟ್ ಚರ್ಚಿನ 'ಹುಸ್ತಪಾಸ್' ಸಂಸ್ಥೆ ದೀರ್ಘಕಾಲ ಹೋರಾಡಿತು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ನಿರಾಕರಣೆಯ ಹಕ್ಕನ್ನು ಎತ್ತಿಹಿಡಿಯಿತು, 2017ರಲ್ಲಿ ಅದು ಕಾಯ್ದೆಗೂ ಸೇರಿತು. ದಕ್ಷಿಣ ಕೊರಿಯದಲ್ಲಿ ಬಹುತೇಕ 'ಯೆಹೋವನ ಸಾಕ್ಷಿಗಳು' ಎಂಬ ಪಂಗಡದವರು, ಜೊತೆಗೆ ಬೆರಳೆಣಿಕೆಯ ಮೆನ್ನೋನೈಟರು ದಶಕಗಳ ಕಾಲ ಸೆರೆವಾಸ ಅನುಭವಿಸಿದ ಮೇಲೆ, 2018ರ ತೀರ್ಪಿನಂತೆ 2020ರಲ್ಲಿ ಪರ್ಯಾಯ ಸೇವೆ ಜಾರಿಗೆ ಬಂತು. ಅಲ್ಲಿ ಅದರ ಅವಧಿ 36 ತಿಂಗಳು, ಸೇನೆಯಲ್ಲಿ ಕಳೆಯಬೇಕಾದ ಕಾಲದ ಹೆಚ್ಚುಕಡಿಮೆ ಎರಡರಷ್ಟು; ಆ ಮೂರು ವರ್ಷವೂ ಸೆರೆಮನೆಯೊಳಗೇ ಉಳಿದುಕೊಂಡು ದುಡಿಯಬೇಕು.